ಕಾವಲು ಖಾತೆಯ ಬೀಗದ ಕೈ

ನಮ್ಮ ಸಂಘದ ಕಚೇರಿ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲು ನೂಕಿದರೆ ಎದುರಿಗೆ ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಅದರ ಮುಂದೆ ಮೊಳೆಯಕ್ಕ. ಮೇಜಿನ ಮೇಲಿನ ಯಂತ್ರಗಳು ಬದಲಾಗಿವೆ, ಗೋಡೆಯ ಸುಣ್ಣ ಉದುರಿದೆ, ಸಂಘ ಎರಡು ಹೋಳಾಗಿದೆ. ಅವಳು ಕೂರುವ ಜಾಗ ಮಾತ್ರ ಅದೇ.

ಮೊಳೆಯಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸಣ್ಣ ವಯಸ್ಸಿಗೇ ಸೇರಿದವಳು. ಸೀಸದ ಅಕ್ಷರಗಳನ್ನು ಗೂಡುಗೂಡಿನಿಂದ ಹೆಕ್ಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಸಾಲು ಕೂರಿಸುವ ಕೆಲಸ ಅದು. ಇವತ್ತಿಗೂ ಎದುರಿಗೆ ಕೂತವರ ಕೈಯಲ್ಲಿರುವ ಕಾಗದವನ್ನು ತಾನು ಕೂತಲ್ಲಿಂದಲೇ ತಲೆಕೆಳಗಾಗಿ ಓದಿ ಮುಗಿಸುತ್ತಾಳೆ. ಧಣಿಗಳ ಜೊತೆ ಮಾತುಕತೆಗೆ ಹೋದಾಗಲೆಲ್ಲ ಈ ವಿದ್ಯೆ ನಮ್ಮ ಮಾನ ಉಳಿಸಿದೆ. ಅವರು ಮುಚ್ಚಿಟ್ಟುಕೊಂಡೆವು ಅಂದುಕೊಂಡ ಕೊನೆಯ ಪಟ್ಟು ಅವರು ಬಾಯಿ ಬಿಡುವ ಮೊದಲೇ ನಮಗೆ ಗೊತ್ತಿರುತ್ತಿತ್ತು.

ಆ ಮುದ್ರಣಾಲಯದ ಧಣಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ಗೇಟಿಗೆ ಬೀಗ ಜಡಿದ. ಒಳಗಿನ ಯಂತ್ರಗಳು ಗುಜರಿಗೆ ಹೋದವು, ಹೊರಗಿನ ನಾವು ಬೀದಿಗೆ ಬಿದ್ದೆವು. ಗೇಟಿನ ಮುಂದೆ ಕೂತವರಲ್ಲಿ ಕೆಲವರು ಬೇರೆ ಕೆಲಸ ಹುಡುಕಿಕೊಂಡರು, ಕೆಲವರನ್ನು ಮನೆಯವರು ಎಬ್ಬಿಸಿಕೊಂಡು ಹೋದರು. ಮೊಳೆಯಕ್ಕ ಏಳಲಿಲ್ಲ. ಮುಂದೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯವರು, ಬಾಟಲಿ ಕಾರ್ಖಾನೆಯವರು, ಹೊಲಿಗೆ ಶೆಡ್ಡಿನವರು ಎಲ್ಲ ಸೇರಿ ಸಂಘ ದೊಡ್ಡದಾದಾಗ ಕರಪತ್ರದ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು.

ಅವಳಿರುವುದು ಒಡಹುಟ್ಟಿದ ಅಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ. ಆ ಹಿರಿಯಕ್ಕ ಒಮ್ಮೆ ಮೆಟ್ಟಿಲು ಹತ್ತಿ ಬಂದು ನಮ್ಮೆಲ್ಲರನ್ನೂ ತರಾಟೆಗೆ ತೆಗೆದುಕೊಂಡಿದ್ದಳು.

“ಇವಳ ಸಂಬಳಕ್ಕೆ ಅಂತ ಊರೆಲ್ಲ ಗಂಟಲು ಹರ್ಕೊಂಡ್ರಿ. ಮದುವೆ ಬಗ್ಗೆ ಒಬ್ಬರಾದ್ರೂ ಬಾಯಿ ಬಿಟ್ರಾ?”

ಯಾರೂ ಬಿಟ್ಟಿರಲಿಲ್ಲ. ಬಿಡಬೇಕಾಗಿದ್ದ ಗಂಡಸು ಆಗ ಮೂಲೆಯಲ್ಲಿ ತಲೆ ತಗ್ಗಿಸಿ ಫ್ಯೂಸಿಗೆ ತಂತಿ ಸುತ್ತುತ್ತಿದ್ದ.

ಅವನನ್ನು ನಾವು ಕರೆಯುತ್ತಿದ್ದದ್ದು ವೈರ್‌ಮನ್ ಅಂತ. ಅದೇ ಮುದ್ರಣಾಲಯದ ಕರೆಂಟು ಕೆಲಸದವನು. ಉದ್ದ ಕೈ, ಕಡಿಮೆ ಮಾತು, ಸಭೆಯಲ್ಲಿ ಮಾತ್ರ ನಿಯಮ ನಿಯಮ ಅಂತ ಎಲ್ಲರ ಪ್ರಾಣ ಹಿಂಡುವ ಜಾತಿ. ಕಂಪ್ಯೂಟರ್ ಕೆಲಸವನ್ನು ತಾನಾಗಿಯೇ ಕಲಿತಿದ್ದ. ಸಂಜೆ ಪಾಳಿ ಮುಗಿಸಿ ಬರುತ್ತಿದ್ದ. ಅವಳು ಕರಪತ್ರ ಜೋಡಿಸುತ್ತಿದ್ದಳು, ಅವನು ಪಕ್ಕದಲ್ಲಿ ಕೂತು ತಪ್ಪು ತೋರಿಸುತ್ತಿದ್ದ. ಎಷ್ಟೋ ವರ್ಷ ಹೀಗೆ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತರು. ಕೆಲಸದ್ದಲ್ಲದ ಒಂದು ಮಾತು ಅವರಿಬ್ಬರ ನಡುವೆ ಬಂದದ್ದನ್ನು ನಾವು ಯಾರೂ ಕೇಳಲಿಲ್ಲ. ಮೈಕು ಹಿಡಿದರೆ ಮಂತ್ರಿಗಳ ಜನ್ಮ ಜಾಲಾಡುವ ಹೆಂಗಸು, ಕಂಬ ಹತ್ತಿ ಸತ್ತ ಲೈನಿಗೆ ಜೀವ ತರುವ ಗಂಡಸು. ಇಬ್ಬರಿಗೂ ಇದೊಂದು ವಿಷಯದಲ್ಲಿ ನಾಲಿಗೆ ಬಿದ್ದುಹೋಗಿತ್ತು.

ನಮ್ಮ ಸಂಘದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಚ್ಚಿನ ಯಂತ್ರ ನಡೆಸುವವರ ಹತ್ತಿರ ಬೀಗದ ಕೈ ಇರಬಾರದು, ಬೀಗದ ಕೈ ಇರುವವರು ಯಂತ್ರ ಮುಟ್ಟಬಾರದು. ಕೈಯಲ್ಲಿ ತಿರುಗಿಸಿ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಕಾಲದಲ್ಲಿ ಒಬ್ಬ ಮಹಾನುಭಾವ ಒಬ್ಬನೇ ಬಂದು, ಒಬ್ಬನೇ ಬೀಗ ತೆಗೆದು, ಮುಷ್ಕರ ಮುಗಿದಿದೆ ಎಲ್ಲರೂ ಕೆಲಸಕ್ಕೆ ಹಾಜರಾಗಿ ಎಂದು ಸಂಘದ ಹೆಸರಿನಲ್ಲೇ ಅಚ್ಚು ಹಾಕಿ ಧಣಿಯ ಕೈಗೆ ಕೊಟ್ಟಿದ್ದ. ಆ ಪೆಟ್ಟು ತಿಂದ ಮೇಲೆ ಮಾಡಿದ ನಿಯಮ ಇದು. ಏನಾದರೂ ಹೊರಗೆ ಹೋಗಬೇಕಾದರೆ ಇಬ್ಬರು ಎದುರುಬದುರು ಇರಲೇಬೇಕು.

ಮುಚ್ಚಿದ ಶಾಲೆಯೊಂದರ ಹಳೇ ಕಂಪ್ಯೂಟರ್ ನಮಗೆ ಸಿಕ್ಕಾಗ ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕಿದವನು ವೈರ್‌ಮನ್. ಅವತ್ತು ಅಪರೂಪಕ್ಕೆ ಒಂದು ಭಾಷಣವನ್ನೂ ಬಿಗಿದ. “ಇದಕ್ಕೆ ಧಣಿ ಇಲ್ಲ. ಮಾಡಿದೋರೂ ನಮ್ಮಂಥೋರೇ, ಹಂಚ್ಕೊಳ್ಳೋರೂ ನಮ್ಮಂಥೋರೇ.” ಚಪ್ಪಾಳೆ ಬಿತ್ತು. ಆಮೇಲೆ ನೋಡಿದರೆ ಧಣಿ ಇಲ್ಲದ ಯಂತ್ರಕ್ಕೂ ಒಬ್ಬ ಅಡ್ಮಿನಿಸ್ಟ್ರೇಟರ್ ಬೇಕಂತೆ. ಹೊಸ ಸಾಫ್ಟ್‌ವೇರ್ ಹಾಕಲಿ, ಒಳಗಿನ ಏನನ್ನೇ ಬದಲಿಸಲಿ, ಅವನ ಪಾಸ್‌ವರ್ಡ್ ಕೇಳುತ್ತದೆ. ಸರಿ, ಪದ್ಧತಿಯ ಪ್ರಕಾರ ಎರಡು ಖಾತೆ ಮಾಡಿದೆವು. ಮೊಳೆ ಎಂಬ ಖಾತೆಯಲ್ಲಿ ಅಕ್ಕ ಕೆಲಸ ಮಾಡಬೇಕು. ಕಾವಲು ಎಂಬುದು ಅಡ್ಮಿನಿಸ್ಟ್ರೇಟರ್ ಖಾತೆ. ಅದರ ಪಾಸ್‌ವರ್ಡ್ ವೈರ್‌ಮನ್ನಿನ ತಲೆಯಲ್ಲಿ ಮಾತ್ರ ಇರಬೇಕು. ಅವನು ಅದನ್ನು ಒತ್ತುವಾಗ ಅವಳು ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು, ಅವನು “ಹೂಂ, ಆಯ್ತು” ಅನ್ನುವವರೆಗೆ.

ಸಂಘ ಒಡೆದದ್ದು ದೊಡ್ಡ ಒಕ್ಕೂಟಕ್ಕೆ ಸೇರಬೇಕೋ ಬೇಡವೋ ಎಂಬುದರ ಮೇಲೆ. ಸೇರಬೇಕು ಅಂತ ವೈರ್‌ಮನ್ ವಾದಿಸಿದ. ಬೇಡ ಅನ್ನುವವರು ಕೈ ಎತ್ತಿ ಅಂದಾಗ ಮೊಳೆಯಕ್ಕ ಅವನ ಪಕ್ಕದಲ್ಲಿ ಕೂತೇ ಕೈ ಎತ್ತಿದಳು. ಆ ಕೈಯನ್ನು ಅವನು ಒಮ್ಮೆ ನೋಡಿದ. ಆಮೇಲೆ ಹತಾರದ ಚೀಲ ಹೆಗಲಿಗೆ ಹಾಕಿ, ಕೋಣೆಯ ಬಾಗಿಲಿನ ಕೀಲಿ ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದ. ಅವನ ಹಿಂದೆ ಅರ್ಧ ಸಂಘ ಹೋಯಿತು. ಬಾಗಿಲಿನ ಕೀಲಿ ಕೊಟ್ಟನೇ ಹೊರತು ಕಾವಲಿನದನ್ನು ಕೊಡಲಿಲ್ಲ. ಕೇಳುವ ಬುದ್ಧಿ ನಮಗೂ ಹುಟ್ಟಲಿಲ್ಲ. ಒಕ್ಕೂಟದವರೂ ಅವನನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲವಂತೆ. ಊರಿನ ಆಚೆ ತುದಿಯಲ್ಲಿ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದ ಅಂತ ಕಿವಿಗೆ ಬಿತ್ತು.

ಕಂಪ್ಯೂಟರ್ ಮಾತ್ರ ನಿಲ್ಲಲಿಲ್ಲ. ಕಾಲಕಾಲಕ್ಕೆ ತನ್ನಷ್ಟಕ್ಕೆ ತಾನೇ ಹೊಸದಾಗುವ ಹಾಗೆ ಅವನು ಅದನ್ನು ಕೂರಿಸಿ ಹೋಗಿದ್ದ. ಯಾವಾಗಲಾದರೂ ಒಂದು ಬೆಳಿಗ್ಗೆ ಹಚ್ಚಿದಾಗ ಅಪ್‌ಡೇಟ್ ಆಗಿದೆ ಎಂಬ ಸಣ್ಣ ಸಾಲು ಮೂಲೆಯಲ್ಲಿ ಬಂದು ಹೋಗುತ್ತಿತ್ತು. ಆಗ ಮೊಳೆಯಕ್ಕ ಕೀಲಿಮಣೆಯಿಂದ ಕೈ ತೆಗೆದು, ಸಾಲು ಮಾಯವಾಗುವವರೆಗೆ ಸುಮ್ಮನೆ ಕೂತಿರುತ್ತಿದ್ದಳು. ಅವನ ನಂಬರು ಅವಳ ಫೋನಿನಲ್ಲಿತ್ತು. ಕಿಟಕಿಯ ಹತ್ತಿರ ಹೋಗಿ ಅದನ್ನು ತೆಗೆದು ನೋಡುವುದು, ಮತ್ತೆ ಸೆರಗಿನೊಳಗೆ ಇಡುವುದು ನಡೆದೇ ಇತ್ತು. ಒಂದು ದಿನ ತಡೆಯಲಾರದೆ ನಾನೇ ಅಂದೆ.

“ಮಾಡಿಬಿಡೇ ತಾಯಿ. ಬೆರಳು ಸವೆದೀತು.”

“ಏನಂತ ಮಾಡ್ಲಿ? ಒಂದು ಕೆಲಸ ಅಂತ ಇರ್ಬೇಕಲ್ಲ” ಅಂದಳು. “ಸುಮ್‌ಸುಮ್ನೆ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳೋದಕ್ಕೆ ನಾನೇನು ಹದಿನಾರರ ಹುಡುಗೀನಾ?”

ಅವಳ ಬದುಕಿನ ಗಂಟು ಇದೇ. ಕೆಲಸದ ನೆಪವಿಲ್ಲದೆ ಆ ಮನುಷ್ಯನ ಮುಂದೆ ಬಾಯಿ ತೆರೆಯುವುದು ಅವಳಿಗೆ ಗೊತ್ತಿರಲಿಲ್ಲ. ಆ ನೆಪ ಒಂದು ಬೆಳಿಗ್ಗೆ ಕಂಪ್ಯೂಟರಿನ ಒಳಗಿಂದಲೇ ಬಂತು.

ಅವತ್ತು ಆಗಿದ್ದು ಸಣ್ಣಪುಟ್ಟ ಅಪ್‌ಡೇಟ್ ಅಲ್ಲ. ಇಡೀ ಸಿಸ್ಟಮ್ ಹೊಸ ಆವೃತ್ತಿಗೆ ಏರಿ ಕೂತಿತ್ತು. ಪರದೆಯ ಬಣ್ಣ ಬೇರೆ, ಗುಂಡಿಗಳ ಜಾಗ ಬೇರೆ. ಅಕ್ಷರಗಳೆಲ್ಲ ಇದ್ದವು, ಕಡತಗಳೆಲ್ಲ ಇದ್ದವು, ಪ್ರಿಂಟರ್ ಮಾತ್ರ ಕಾಣೆ. ಮೇಜಿನ ಮೇಲೆ ಪ್ರಿಂಟರ್ ಹಸಿರು ದೀಪ ಬಿಟ್ಟುಕೊಂಡು ಕೂತಿದೆ, ಕಂಪ್ಯೂಟರ್ ಮಾತ್ರ ಅಂಥದ್ದೊಂದು ವಸ್ತುವೇ ಇಲ್ಲ ಅನ್ನುತ್ತಿದೆ. ಮತ್ತೆ ಸೇರಿಸಲು ಹೋದಳು. ಪರದೆ ಮಬ್ಬಾಗಿ ನಡುವೆ ಒಂದು ಕಿಟಕಿ ತೆರೆಯಿತು. ಈ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಒಪ್ಪಿಗೆ ಬೇಕು. ಕಾವಲು. ಪಾಸ್‌ವರ್ಡ್.

ನಮ್ಮ ಖಜಾಂಚಿ, ಬಾಟಲಿ ಕಾರ್ಖಾನೆಯ ಹಳೇ ಮೇಸ್ತ್ರಿ, ಬಗ್ಗಿ ನೋಡಿ ನಕ್ಕ. “ಧಣಿ ಇಲ್ಲದ ಸಿಸ್ಟಮ್ ಅಂದಿದ್ನಲ್ಲಪ್ಪ ಮಹಾರಾಯ! ಈಗ ನೋಡು, ಧಣಿಗಿಂತ ಜೋರಾಗಿ ಒಪ್ಪಿಗೆ ಕೇಳ್ತಿದೆ.”

“ನಾಳೆ ಗೇಟ್ ಸಭೆ. ಕರಪತ್ರ?” ಅಂದೆ ನಾನು.

“ಪೆನ್‌ಡ್ರೈವಿಗೆ ಹಾಕ್ಕೊಡಕ್ಕ, ಅಂಗಡಿಲಿ ತೆಗೆಸ್ಕೊಂಡು ಬರ್ತೀನಿ” ಅಂದ ಖಜಾಂಚಿ. ಹಾಗೇ ಮಾಡಿದೆವು. ಗೇಟ್ ಸಭೆಯೂ ಆಯಿತು, ಕರಪತ್ರವೂ ಹಂಚಿದ್ದಾಯಿತು. ಅವಸರ ಅಲ್ಲಿಗೆ ಮುಗಿದಿತ್ತು. ಆದರೆ ಅಕ್ಕ ಮಾರನೇ ದಿನವೂ ಪ್ರಿಂಟರ್ ಸೇರಿಸಲು ಹೋದಳು, ಪರದೆಯ ಮೇಲೆ ಆ ಕಿಟಕಿ ತೆರೆಯಿತು, ಮುಚ್ಚಿದಳು. ಮತ್ತೆ ತೆರೆದಳು.

ಖಜಾಂಚಿಯ ಸೊಸೆ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದವಳು. ಮಾವನನ್ನೂ ಬಿಡದೆ ರೇಗಿಸುವ ಬಾಯಿ. ಮಾವ ಕರೆದ ಅಂತ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದಳು. ಯಂತ್ರವನ್ನು ಅತ್ತಿತ್ತ ತಡಕಿ, ಅಕ್ಕನನ್ನು ಕೇಳಿದಳು.

“ಮೊದಲು ಪ್ರಿಂಟರ್ ಕೈಕೊಟ್ಟಾಗ ಏನ್ ಮಾಡ್ತಿದ್ರಿ ಅಕ್ಕ?”

“ತೆಗೆದುಹಾಕಿ ಮತ್ತೆ ಸೇರಿಸ್ತಿದ್ದೆ.”

“ಪಾಸ್‌ವರ್ಡ್ ಕೇಳ್ತಿರ್ಲಿಲ್ವಾ?”

“ಇಲ್ಲಪ್ಪ. ಯಾವತ್ತೂ ಕೇಳಿಲ್ಲ.”

“ಹಂಗಾದ್ರೆ ಇದನ್ನ ಕೂರಿಸಿದೋರು ನಿಮಗೆ ಅಂತ ಒಂದು ಸಡಿಲ ಬಿಟ್ಟಿದ್ರು. ಬೇರೆಲ್ಲದಕ್ಕೂ ಬೀಗ, ಪ್ರಿಂಟರಿಗೆ ಮಾತ್ರ ನಿಮ್ಮ ಖಾತೆಗೆ ಬೀಗ ಇಲ್ಲ. ಹೊಸ ಆವೃತ್ತಿ ಬಂದು ಆ ಸಡಿಲ ಅಳಿಸಿಹಾಕಿದೆ.”

ಖಜಾಂಚಿ ಹುಬ್ಬೇರಿಸಿ ನನ್ನ ಮುಖ ನೋಡಿದ. ಸಭೆಗೆ ಹೊತ್ತು ಮೀರಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಮನುಷ್ಯ, ನಿಯಮದ ಒಂದು ಅಕ್ಷರ ತಪ್ಪಿದರೆ ಕುದಿಯುತ್ತಿದ್ದ ವೈರ್‌ಮನ್, ಸಂಘಕ್ಕೆ ಹೇಳದೆ ಕೇಳದೆ ಅವಳೊಬ್ಬಳಿಗಾಗಿ ನಿಯಮ ಮುರಿದಿದ್ದ. ಅವಳಿಗೂ ಹೇಳಿರಲಿಲ್ಲ. ಮೊಳೆಯಕ್ಕ ಪ್ರಿಂಟರಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದಳು.

“ಈಗೇನು, ಸಣ್ಣ ಕೆಲಸ” ಅಂದಳು ಸೊಸೆ. “ಆರಿಸಿ ಹಚ್ಚುವಾಗ ಒಂದು ಗುಂಡಿ ಒತ್ತಿ ಹಿಡಿದ್ರೆ ರಿಕವರಿ ಅಂತ ಬರುತ್ತೆ. ಅಲ್ಲಿಂದ ಒಳಗೆ ಹೋಗಿ ಕಾವಲಿಗೆ ಹೊಸ ಪಾಸ್‌ವರ್ಡ್ ಹಾಕಿಬಿಟ್ರೆ ಮುಗೀತು. ಹಳೇದು ಯಾರಿಗೂ ಬೇಕಾಗಿಲ್ಲ. ಟೀ ಆರೋದ್ರೊಳಗೆ ಮಾಡ್ತೀನಿ.”

“ಮಾಡು ಮಾಡು” ಅಂದ ಖಜಾಂಚಿ.

“ಬೇಡ” ಅಂದಳು ಮೊಳೆಯಕ್ಕ.

“ಯಾಕಕ್ಕ?”

“ಬೀಗದ ಕೈ ಇರೋನು ಬದುಕಿದ್ದಾನೆ. ಬೀಗ ಒಡೆಯೋದು ಯಾಕೆ? ಕೇಳಿದ್ರಾಯ್ತು.”

“ಅಯ್ಯೋ ಅಕ್ಕ, ಇದು ಒಡೆಯೋದಲ್ಲ...” ಅಂತ ಸೊಸೆ ಶುರುಮಾಡಿದಳು. ಅಷ್ಟರಲ್ಲಿ ಅಕ್ಕನ ಮುಖ ನೋಡಿದಳು, ಮಾವನ ಮುಖ ನೋಡಿದಳು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಹೌದೌದು. ರಿಕವರಿ ಅಂದ್ರೆ ಸ್ವಲ್ಪ ಕಷ್ಟಾನೇ. ಫೋನ್ ಮಾಡಿ, ಅದೇ ಸರಿ.” ಹೆಂಗಸರಿಗೆ ಹೆಂಗಸರ ಸಂಕಟ ಎಷ್ಟು ಬೇಗ ತಿಳಿಯುತ್ತದೆ! ಖಜಾಂಚಿಗೆ ಇನ್ನೂ ತಿಳಿದಿರಲಿಲ್ಲ. “ಈಗ ತಾನೇ ಸುಲಭ ಅಂದ್ಯಲ್ಲೇ?” ಅಂದ. “ಮಾವ, ನೀವು ಸುಮ್ನಿರಿ” ಅಂದಳು ಸೊಸೆ.

ಅಕ್ಕ ಕಿಟಕಿಯ ಹತ್ತಿರ ಹೋದಳು. ಈ ಸಲ ಒತ್ತಿದಳು. ಆ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಅದರ ಮೇಲೆ ಅವನ ದನಿ. ಅವಳ ಫೋನಿನ ಸ್ಪೀಕರ್ ಹಳೆಯದು, ಕಿವಿಗಿಟ್ಟರೂ ಕೋಣೆಗೆಲ್ಲ ಕೇಳುತ್ತದೆ.

“ಯಾರು?”

“ನಾನು. ಆಫೀಸಿಂದ. ಸಿಸ್ಟಮ್ ಹೊಸದಾಗಿದೆ. ಪ್ರಿಂಟರ್ ಹೋಗಿದೆ. ಕಾವಲಿನ ಪಾಸ್‌ವರ್ಡ್ ಕೇಳ್ತಿದೆ.”

ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದಳು. ಬಡಿಯುವ ಸದ್ದು ನಿಂತಿತು.

“ಹೇಳ್ತೀನಿ, ಬರ್ಕೋ” ಅಂದ ಅವನು.

ಅವಳು ಪೆನ್ನು ಮುಟ್ಟಲಿಲ್ಲ. ಬರೆದುಕೊಂಡರೆ ಮಾತು ಅಲ್ಲಿಗೆ ಮುಗಿಯಿತು.

“ನನಗೆ ಹೇಳೋ ಹಾಗಿಲ್ಲ. ಯಂತ್ರ ನಡೆಸೋರಿಗೆ ಬೀಗದ ಕೈ ಕೊಡಬಾರ್ದು. ನಿಯಮ ಮಾಡಿದಾಗ ನೀನೂ ಇದ್ದೆ.”

“ನಾನು ಈಗ ಸಂಘದಲ್ಲೇ ಇಲ್ವಲ್ಲೇ.”

“ಬೀಗದ ಕೈ ವಾಪಸ್ ಕೊಟ್ಟಿದ್ದೀಯಾ? ಇಲ್ಲ. ಅಂದ್ಮೇಲೆ ನೀನೇ ಬಂದು ಒತ್ತಬೇಕು.”

ಆ ಕಡೆ ಹತಾರ ಕೆಳಗಿಟ್ಟ ಸದ್ದು. “ರಿಕವರಿಲಿ ಹೋದ್ರೆ ನನ್ನ ಹಂಗೇ ಬೇಕಾಗಿಲ್ಲ. ನಿಮ್ಮಲ್ಲಿ ಅದು ಗೊತ್ತಿರೋರು ಯಾರೂ ಇಲ್ವಾ?”

ಸೊಸೆ ತಲೆ ತಗ್ಗಿಸಿ ಉಗುರು ನೋಡಿಕೊಂಡಳು. ಮೊಳೆಯಕ್ಕ ಸುಳ್ಳು ಹೇಳುವವಳಲ್ಲ. “ಇದ್ದಾರೆ” ಅಂದಳು. “ಪಕ್ಕದಲ್ಲೇ ನಿಂತಿದ್ದಾರೆ.”

ಆ ಕಡೆ ಯಾರೋ ಅವನನ್ನು ಕೂಗಿದರು. ಕೊನೆಗೆ, “ನಾಳೆ ಪಾಳಿ ಮುಗಿಸ್ಕೊಂಡು ಬರ್ತೀನಿ” ಅಂದ.

ಮರುದಿನ ಅವಳು ಹೊಸ ಸೀರೆಯನ್ನೇನೂ ಉಟ್ಟು ಬರಲಿಲ್ಲ. ಕೋಣೆ ಮಾತ್ರ ಗುಡಿಸಿ ಸಾರಿಸಿದ ಹಾಗಿತ್ತು, ಕಿಟಕಿಯ ಗಾಜಿನ ಆಚೆ ಬೀದಿ ಇದೆ ಎಂಬುದು ನಮಗೆ ಅವತ್ತೇ ಗೊತ್ತಾಯಿತು. ಅವನು ಬಂದ. ಕೂದಲು ಬಿಳಿಯಾಗಿತ್ತು, ಕೈ ಅಷ್ಟೇ ಉದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತು ಸ್ವಿಚ್ಚಿನ ಪೆಟ್ಟಿಗೆ ನೋಡಿ, “ಇನ್ನೂ ಇದೇ ಇಟ್ಕೊಂಡಿದ್ದೀರಾ? ಸುಟ್ಟು ಸಾಯ್ತೀರಿ” ಅಂದ. ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಅದರಲ್ಲೇ ಸೇರಿತ್ತು ಅಂತ ಕಾಣುತ್ತದೆ.

ಮೊಳೆಯಕ್ಕ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಮುಖ ಮಾಡಿ ನಿಂತಳು. ಅವನು ಕಪ್ಪು ಪರದೆ ತೆರೆದು ಒಂದು ಸಾಲು ಹೊಡೆದ, ಆಮೇಲೆ ಪಾಸ್‌ವರ್ಡ್. ಅಲ್ಲಿ ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ, ಬೆರಳಿನ ಸದ್ದು ಮಾತ್ರ ಕೇಳುತ್ತದೆ. ಅವಳು ಆ ಸದ್ದು ಕೇಳುತ್ತ ನಿಂತಿದ್ದಳು. ಯಂತ್ರ ಒಪ್ಪಿಕೊಂಡಿತು. ಅವನು ಇನ್ನೇನೋ ಸಾಲುಗಳನ್ನು ಹೊಡೆದ, ಪ್ರಿಂಟರ್ ಕೆಮ್ಮಿ ಒಂದು ಹಾಳೆ ಉಗುಳಿತು.

“ಹೂಂ, ಆಯ್ತು.”

ಅವಳು ತಿರುಗಿದಳು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ಮನುಷ್ಯ ನಿಯಮದವನು.

“ನೀನು ಫೋನಲ್ಲಿ ಹೇಳಿದ್ದನ್ನ ರಾತ್ರಿಯೆಲ್ಲ ಯೋಚನೆ ಮಾಡಿದೆ” ಅಂದ. “ಸರಿಯಾಗೇ ಹೇಳಿದ್ದೀಯ. ಸಂಘ ಬಿಟ್ಟೋನ ಹತ್ರ ಸಂಘದ ಬೀಗದ ಕೈ ಇರಬಾರದಿತ್ತು. ಅವತ್ತೇ ಕೊಟ್ಟು ಹೋಗಬೇಕಿತ್ತು. ಖಜಾಂಚಿ, ಬಾ ಇಲ್ಲಿ. ಹೊಸ ಪಾಸ್‌ವರ್ಡ್ ಒತ್ತು. ಇನ್ನು ಮೇಲೆ ಕಾವಲು ನಿಂದು.”

ಯಾವ ನಿಯಮ ಹಿಡಿದು ಅವನನ್ನು ಎಳೆದು ತಂದಳೋ ಅದೇ ನಿಯಮ ಹಿಡಿದು ಅವನು ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಅವಳೇ ಹರಿತ ಮಾಡಿದ ಕತ್ತಿ ಅದು.

ಖಜಾಂಚಿ ಕೂತ. ನಾವೆಲ್ಲ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತೆವು. ಆ ಪುಣ್ಯಾತ್ಮನಿಗೆ ಒಂದೇ ಬೆರಳು ಓಡುವುದು, ಅದರ ಜೊತೆಗೆ ಒತ್ತುವ ಅಕ್ಷರವನ್ನು ಬಾಯಲ್ಲೂ ಹೇಳಿಕೊಳ್ಳುವ ಚಾಳಿ.

“ಮಾವ, ಮನಸ್ಸಲ್ಲಿ ಹೇಳ್ಕೊಳ್ಳಿ!” ಎಂದು ಸೊಸೆ ಗೋಡೆಗೇ ಕೂಗಿದಳು. “ಬೀದಿಗೆಲ್ಲ ಕೇಳ್ತಿದೆ!”

ನಾನು ನಕ್ಕೆ. ವೈರ್‌ಮನ್ನೂ ನಕ್ಕ. ಅವನ ಪಕ್ಕದಲ್ಲಿ ಅವಳು ಸುಣ್ಣ ಉದುರಿದ ಜಾಗವನ್ನು ನೋಡುತ್ತ ನಿಂತಿದ್ದಳು. ಎಷ್ಟೋ ವರ್ಷದ ಮೇಲೆ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದರು ಇಬ್ಬರೂ, ಗೋಡೆಯ ಕಡೆಗೆ ಮುಖ ಮಾಡಿಕೊಂಡು.

ಖಜಾಂಚಿ ಅಂತೂ ಮುಗಿಸಿದ. ವೈರ್‌ಮನ್ ಮತ್ತೆ ಕೀಲಿಮಣೆಗೆ ಕೈ ಹಾಕಿದ.

“ಇನ್ನೊಂದು ಬಾಕಿ ಇದೆ. ಮೊಳೆ ಖಾತೆಗೆ ಪ್ರಿಂಟರಿನದು ಸಡಿಲ ಬಿಡ್ಬೇಕು. ಖಜಾಂಚಿ, ನಿನ್ನ ಹೊಸ ಪಾಸ್‌ವರ್ಡ್ ಕೇಳುತ್ತೆ, ಒತ್ತು.”

“ಅದು ನಿಯಮದಲ್ಲಿ ಇದೆಯಾ?” ಎಂದು ಕೇಳಿದ ಖಜಾಂಚಿ. ಬೇಕೆಂದೇ ಕೇಳಿದ.

“ಇಲ್ಲ. ಆದ್ರೂ ಒತ್ತು.”

ಖಜಾಂಚಿ ಒತ್ತಿದ. ವೈರ್‌ಮನ್ ಆ ಸಡಿಲದ ಸಾಲನ್ನು ಬರೆದು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದ. ಟೀ ಬೇಡ ಅಂದ, ಬಸ್ಸು ತಪ್ಪುತ್ತದೆ ಅಂದ. ಮೆಟ್ಟಿಲು ಇಳಿಯತೊಡಗಿದ. ಇನ್ನು ಯಂತ್ರ ಕೆಟ್ಟರೆ ಖಜಾಂಚಿ ಇದ್ದಾನೆ, ಖಜಾಂಚಿ ಮರೆತರೆ ಸೊಸೆ ಇದ್ದಾಳೆ. ಅವನನ್ನು ಕರೆಯುವುದಕ್ಕೆ ಇನ್ನು ಈ ಭೂಮಿಯ ಮೇಲೆ ಒಂದು ಕಾರಣವೂ ಉಳಿದಿರಲಿಲ್ಲ.

ಮೊಳೆಯಕ್ಕ ಬಾಗಿಲಿಗೆ ಓಡಿದಳು. ಓಡಿದಳು ಎಂದೇ ಬರೆಯಬೇಕು, ನಡೆದದ್ದಲ್ಲ.

“ಭಾನುವಾರ ಬಾ” ಅಂದಳು ಮೇಲಿನಿಂದ.

“ಭಾನುವಾರ ಆಫೀಸು ಮುಚ್ಚಿರುತ್ತಲ್ಲ. ಇನ್ನೇನು ಕೆಟ್ಟಿದೆ?”

“ಏನೂ ಕೆಟ್ಟಿಲ್ಲ.”

ಅವನು ಅರ್ಧ ಮೆಟ್ಟಿಲಲ್ಲಿ ತಲೆ ಎತ್ತಿ ನೋಡಿದ. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸುತ್ತಿದ್ದವನು ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದ.

“ನೋಡೋಣ” ಅಂದ ವೈರ್‌ಮನ್.

“ನೋಡೋಣ ಅನ್ನೋದು ಧಣಿಗಳ ಮಾತು.”

ಅವನು ಕಂಬಿಯನ್ನು ಒಮ್ಮೆ ತಟ್ಟಿ ಇಳಿದು ಹೋದ.

ಭಾನುವಾರ ಅವಳು ಬಾಗಿಲು ತೆರೆದು ಕೂತಿದ್ದಳು. ಸೈಕಲ್ ಅಂಗಡಿಯವನು ಹೇಳಿದ್ದು. ಕಂಪ್ಯೂಟರ್ ಹಚ್ಚಿರಲಿಲ್ಲವಂತೆ, ಎದುರಿಗೆ ಕಾಗದ ಪತ್ರ ಏನೂ ಇರಲಿಲ್ಲವಂತೆ, ಬೀದಿ ನೋಡುತ್ತ ಕೂತಿದ್ದಳಂತೆ ಹೊತ್ತು ಮುಳುಗುವವರೆಗೆ. ಅವನು ಬರಲಿಲ್ಲ.

ಸೋಮವಾರ ನಾವೆಲ್ಲ ಇದ್ದೆವು. ಹೊಲಿಗೆ ಶೆಡ್ಡಿನ ಹೆಂಗಸರೂ ಬಂದಿದ್ದರು, ಕೋಣೆ ತುಂಬಿತ್ತು. ಮೊಳೆಯಕ್ಕ ಅವರ ಕರಪತ್ರ ಜೋಡಿಸುತ್ತಿದ್ದವಳು ಅರ್ಧ ಸಾಲಿಗೆ ಕೈ ನಿಲ್ಲಿಸಿ ಫೋನು ತೆಗೆದಳು. ಕಿಟಕಿಯ ಹತ್ತಿರ ಹೋಗಲಿಲ್ಲ. ಕೂತಲ್ಲೇ, ಎಲ್ಲರ ನಡುವೆಯೇ ಮಾಡಿದಳು.

“ನಾನು” ಅಂದಳು. “ಪ್ರಿಂಟರ್ ಚೆನ್ನಾಗಿದೆ. ಸಿಸ್ಟಮ್ ಚೆನ್ನಾಗಿದೆ. ನಿನ್ನೆ ಕಾಯ್ತಿದ್ದೆ, ಯಾಕೆ ಬರ್ಲಿಲ್ಲ?”

ಖಜಾಂಚಿಗೆ ಕೊನೆಗೂ ತಿಳಿಯಿತು. ಹೊಲಿಗೆ ಶೆಡ್ಡಿನವರ ಕಡೆ ತಿರುಗಿ, ಬೇಡಿಕೆಗಳನ್ನು ಇನ್ನೊಮ್ಮೆ ಹೇಳಿ, ಸ್ವಲ್ಪ ಗಟ್ಟಿಯಾಗಿ ಹೇಳಿ ಅಂದ. 'ಈಗ ತಾನೇ ಹೇಳಿದ್ವಲ್ಲ' ಅನ್ನುತ್ತಲೇ ಅವರು ಶುರುಮಾಡಿದರು. ಆ ಗದ್ದಲದಲ್ಲಿ ಆ ಕಡೆಯ ಮಾತು ನಮಗೆ ಯಾರಿಗೂ ಕೇಳಲಿಲ್ಲ. ಅಕ್ಕ ಒಂದು ಕಿವಿಗೆ ಅಂಗೈ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನನ್ನು ಒತ್ತಿ ಹಿಡಿದು, ಬಹಳ ಹೊತ್ತು ಕೇಳುತ್ತಲೇ ಇದ್ದಳು.